ಗಡಿಪಾರು ಬೇಡಿದ ದೊರೆಯ ಪಾತ್ರ

ಅಹಮದಾಬಾದಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಒಂದು ವರ್ಷ ನಾನು ನಾಟಕ ಬರೆದೆ. ಅದರ ನಾಯಕ ಎಂಟುನೂರು ವರ್ಷಗಳ ಹಿಂದಿನ ಒಬ್ಬ ಜಪಾನಿ ಚಕ್ರವರ್ತಿ. ಆ ಪಾತ್ರವನ್ನು ಮೊದಲು ನನ್ನ ದೊಡ್ಡ ಮಗಳಿಗೆ ಕೊಟ್ಟೆ. ಆಮೇಲೆ ಅವಳಿಂದ ತೆಗೆದು ಚಿಕ್ಕವಳಿಗೆ ಕೊಟ್ಟೆ. ಹೇಳಲು ಹೊರಟರೆ ಇಷ್ಟೇ. ಇದಕ್ಕಾಗಿ ಯಾರೂ ನನ್ನನ್ನು ಇವತ್ತಿನವರೆಗೆ ದೂರಿಲ್ಲ, ಮಗಳಂತೂ ಇಲ್ಲವೇ ಇಲ್ಲ. ದೂರಿದ್ದರೆ ಬಹುಶಃ ಇದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ನಾನು ತುಮಕೂರಿನವನು. ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ, ಉಪಕರಣಗಳ ವಿಭಾಗದಲ್ಲಿ ಕೆಲಸ. ಹೆಂಡತಿ ವಿಮಾ ಕಚೇರಿಯವಳು. ದೊಡ್ಡ ಮಗಳು ಹುಟ್ಟಿ ವರ್ಷವಾಗುವ ಮೊದಲೇ ಅವಳಿಗೆ ವಡೋದರಾಕ್ಕೆ ವರ್ಗವಾಯಿತು. ಬೆಳಗಿನ ರೈಲಿಗೆ ಹೋದರೆ ಮನೆ ಸೇರುವಾಗ ಮಗು ಮಲಗಿರುತ್ತಿತ್ತು. ನಾನು ಮಗುವನ್ನು ಎದುರು ಮನೆಯ ಗುಜರಾತಿ ಅಜ್ಜಿಯ ಕೈಗಿತ್ತು ಬಸ್ಸು ಹಿಡಿಯುತ್ತಿದ್ದೆ. ಆ ಅಜ್ಜಿಯನ್ನು ನಮ್ಮ ವಸತಿ ಸೊಸೈಟಿ ಇಡೀ ‘ಬಾ’, ಅಂದರೆ ಅಮ್ಮ, ಎಂದು ಕರೆಯುತ್ತಿತ್ತು. ಮಗಳು ಮೊದಲು ಕಲಿತದ್ದು ಬಾ ಆಡುವ ಗುಜರಾತಿಯನ್ನು. ಹಸಿವು, ನಿದ್ದೆ, ನೋವು ಎಲ್ಲವೂ ಅವಳಿಗೆ ಆ ಭಾಷೆಯಲ್ಲೇ ಬಂದವು.

ನಾಲ್ಕು ವರ್ಷದ ನಂತರ ಚಿಕ್ಕವಳು ಹುಟ್ಟಿದಾಗ ನಮ್ಮಮ್ಮ ಊರಿನಿಂದ ಬಂದು ಏಳು ವರ್ಷ ನಮ್ಮ ಜೊತೆ ಇದ್ದರು. ಚಿಕ್ಕವಳು ಅಜ್ಜಿಯ ಸೊಂಟದ ಮೇಲೆ ಕೂತೇ ತುಮಕೂರಿನ ಕನ್ನಡ ಕಲಿತಳು. ಅಷ್ಟು ಹೊತ್ತಿಗೆ ದೊಡ್ಡವಳು ಬಾ ಮನೆಯವಳೇ ಆಗಿಬಿಟ್ಟಿದ್ದಳು. ಶಾಲೆಯಿಂದ ಬಂದವಳೇ ಬ್ಯಾಗನ್ನು ನಮ್ಮ ಹೊಸ್ತಿಲ ಮೇಲೆ ಇಟ್ಟು ಎದುರು ಮನೆಗೆ ಓಡುತ್ತಿದ್ದಳು. ಚಿಕ್ಕವಳಿಗೆ ನಾನು ‘ಅಪ್ಪ’, ದೊಡ್ಡವಳಿಗೆ ‘ಪಪ್ಪಾ’. ಆಗ ಅದು ನಮಗೆಲ್ಲ ತಮಾಷೆಯಾಗಿ ಕಾಣುತ್ತಿತ್ತು.

ಆ ಚಕ್ರವರ್ತಿಯ ಕಥೆ ನನಗೆ ಸಿಕ್ಕಿದ್ದು ಸಂಸ್ಥೆಯವರು ಎರಡು ತಿಂಗಳ ತರಬೇತಿಗೆ ಜಪಾನಿಗೆ ಕಳಿಸಿದಾಗ. ಅಲ್ಲಿ ನನಗೆ ಯಂತ್ರ ಕಲಿಸಿದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ತಂತ್ರಜ್ಞರು, ಮಿತಭಾಷಿ. ಒಂದು ಶನಿವಾರ ಶಿಕೋಕು ದ್ವೀಪದಲ್ಲಿದ್ದ ತಮ್ಮ ಊರಿಗೆ ನನ್ನನ್ನು ಕರೆದೊಯ್ದರು. ಮರುದಿನ ಬೆಳಗ್ಗೆ ತಿಂಡಿಯಾದ ಮೇಲೆ ಊರಾಚೆಯ ಒಂದು ದಿಬ್ಬಕ್ಕೆ ನಡೆಸಿಕೊಂಡು ಹೋದರು. ಸುತ್ತ ಕಲ್ಲಿನ ಬೇಲಿ, ನಾಲ್ಕಾರು ಪೈನ್ ಮರ, ಅಷ್ಟೇ. ಚಕ್ರವರ್ತಿಯೊಬ್ಬನ ಚಿತೆ ಉರಿದ ಜಾಗವೆಂದು ಊರಿನವರು ನಂಬುತ್ತಾರಂತೆ. ರಾಜಧಾನಿಯ ಅರಸನಿಗೆ ಇಲ್ಲೇಕೆ ಚಿತೆ ಎಂದು ಕೇಳಿದೆ.

“ಅವನನ್ನು ಯಾರೂ ಇಲ್ಲಿಗೆ ಕಳಿಸಲಿಲ್ಲ. ಅವನೇ ಬಂದ,” ಎಂದರು.

ಆಮೇಲೆ ಮುರುಕು ಇಂಗ್ಲಿಷಿನಲ್ಲಿ, ಮಧ್ಯೆ ಮಧ್ಯೆ ಮಣ್ಣಿನ ಮೇಲೆ ಕಡ್ಡಿಯಿಂದ ನಕ್ಷೆ ಬರೆಯುತ್ತ, ಪೂರ್ತಿ ಕಥೆ ಹೇಳಿದರು. ಅವನ ತಂದೆಯೂ ಚಕ್ರವರ್ತಿ. ಹದಿನೆಂಟರ ಆ ತರುಣ ತಂದೆಗೆ ಸಿಂಹಾಸನದ ವಿಧಿವಿಧಾನಗಳು ಸಾಕಾಗಿದ್ದವು, ಅಧಿಕಾರ ಮಾತ್ರ ಬೇಕಾಗಿತ್ತು. ಇನ್ನೂ ಮೂರು ತುಂಬದ ಮಗನನ್ನು ಪಟ್ಟಕ್ಕೆ ಕೂರಿಸಿ ತಾನು ಹಿಂದೆ ನಿಂತ. ಹುಡುಗ ಹನ್ನೆರಡು ವರ್ಷ ಚಕ್ರವರ್ತಿಯಾಗಿದ್ದ. ಆ ಹನ್ನೆರಡು ವರ್ಷಗಳಲ್ಲಿ ಹೊರಟ ಅಪ್ಪಣೆಗಳೆಲ್ಲ ತಂದೆಯವೇ. ಹುಡುಗ ಶಾಂತ ಸ್ವಭಾವದವನು, ಹೇಳಿದ್ದನ್ನು ಮಾಡುವವನು. ಅವನ ತಮ್ಮ ಚುರುಕು, ತಂದೆಯ ಅಚ್ಚುಮೆಚ್ಚು. ಒಂದು ದಿನ ತಂದೆ ದೊಡ್ಡವನಿಗೆ ಕೆಳಗಿಳಿಯಲು ಹೇಳಿ ತಮ್ಮನಿಗೆ ಪಟ್ಟ ಕಟ್ಟಿದ. ದೊಡ್ಡವನಿಗೆ ಆಗ ಹದಿನೈದು. ಒಂದು ಮಾತೂ ಆಡದೆ ಇಳಿದ.

ಹತ್ತು ಹನ್ನೊಂದು ವರ್ಷ ಕಳೆದವು. ಪೂರ್ವದ ಯೋಧರು ದೇಶದ ಆಡಳಿತ ಹಿಡಿದಿದ್ದರು. ತಂದೆಯೂ ತಮ್ಮನೂ ಸೇರಿ ಅವರ ಮೇಲೆ ಯುದ್ಧ ಸಾರಿದರು. ಇದಕ್ಕೆ ಕಾಲ ಕೂಡಿಬಂದಿಲ್ಲ ಎಂದು ದೊಡ್ಡವನು ಹೇಳಿದನಂತೆ. ಯಾರೂ ಕೇಳಲಿಲ್ಲ. ಒಂದೇ ತಿಂಗಳಲ್ಲಿ ಎಲ್ಲ ಮುಗಿಯಿತು. ತಂದೆಯನ್ನು ಒಂದು ದ್ವೀಪಕ್ಕೆ, ತಮ್ಮನನ್ನು ಇನ್ನೊಂದು ದ್ವೀಪಕ್ಕೆ ಗಡಿಪಾರು ಮಾಡಿದರು. ದೊಡ್ಡವನಿಗೆ ಮಾತ್ರ ಗೆದ್ದವರೇ ಹೇಳಿದರು, ನಿಮ್ಮದೇನೂ ತಪ್ಪಿಲ್ಲ, ರಾಜಧಾನಿಯಲ್ಲೇ ಇರಿ ಎಂದು. ತಂದೆ ಸಮುದ್ರದ ಆಚೆ ಇರುವಾಗ ನಾನು ಇಲ್ಲಿ ಸುಖವಾಗಿರುವುದು ಮಗನ ಲಕ್ಷಣವಲ್ಲ ಎಂದು ಅವನು ತನಗೂ ಗಡಿಪಾರು ಕೇಳಿದ. ಕೇಳಿ ಕೇಳಿ ಪಡೆದ. ಈ ದ್ವೀಪಕ್ಕೆ ಬರುವಾಗ ದಾರಿಯಲ್ಲಿ ಹಿಮ ಬಿದ್ದು, ಪಲ್ಲಕ್ಕಿ ಹೊತ್ತವರಿಗೆ ಹೆಜ್ಜೆ ಕಾಣದೆ, ಕೊಂಬೆ ಮುರಿದು ಬೆಂಕಿ ಹಾಕಿ ಕಾಯಬೇಕಾಯಿತಂತೆ. ಹತ್ತು ವರ್ಷ ಇಲ್ಲೇ ಇದ್ದು ಸತ್ತ. ಮೂವತ್ತೈದೋ ಮೂವತ್ತಾರೋ ವಯಸ್ಸು. ತಂದೆ ಇನ್ನೂ ಬದುಕಿದ್ದ. ಅವರಿಬ್ಬರೂ ಮತ್ತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಾನು ಆ ದಿಬ್ಬದ ಮುಂದೆ ಮಗನನ್ನು ನೆನೆದು ಕರಗಿದೆ. ತಂದೆಯನ್ನು ಕುರಿತು ಒಂದು ಕ್ಷಣವೂ ಯೋಚಿಸಲಿಲ್ಲ.

ಅಹಮದಾಬಾದಿಗೆ ಮರಳಿ ಮೂರು ವಾರಗಳಲ್ಲಿ ನಾಟಕ ಬರೆದುಮುಗಿಸಿದೆ. ಸಂಘದ ಸಭೆಯಲ್ಲಿ ಓದಿದಾಗ ಹಿರಿಯರೊಬ್ಬರು, “ಜಪಾನಿನ ರಾಜನಾ? ನಮ್ಮಲ್ಲಿ ರಾಜರು ಖಾಲಿಯಾದ್ರಾ ಸ್ವಾಮಿ?” ಎಂದು ನಗಿಸಿದರು. ಆದರೆ ನಾಟಕ ಆಡಿಸುವ ಹೊಣೆ ಹೊತ್ತಿದ್ದ ನನ್ನ ಗೆಳೆಯನಿಗೆ ಕಥೆ ಹಿಡಿಸಿತು. ಅವನು ವಟ್ವಾದ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟು. ತಂದೆಯ ಪಾತ್ರ ನೀನೇ ಮಾಡು ಎಂದು ನನಗೆ ಹೇಳಿದ. ಚಕ್ರವರ್ತಿಗೆ ಯಾರು ಎಂದಾಗ, ಕೇಳಿಸಿಕೊಳ್ಳುತ್ತ ಕೂತಿದ್ದ ದೊಡ್ಡ ಮಗಳು ತಾನಾಗಿ ಕೈ ಎತ್ತಿದಳು. ಅವಳಿಗೆ ಆಗ ಹದಿನೈದು. ಸಂಘದ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲಿನಲ್ಲಿ ಫೋನು ನೋಡುತ್ತ ಕೂರುತ್ತಿದ್ದವಳು ಕೈ ಎತ್ತಿದ್ದು ಕಂಡು ನನಗೇ ಆಶ್ಚರ್ಯವಾಯಿತು. ತಮ್ಮನ ಪಾತ್ರ ಚಿಕ್ಕವಳಿಗೆ ಬಂತು.

ದೊಡ್ಡವಳು ಕನ್ನಡ ಓದಲಾರಳು. ಹಾಗಾಗಿ ಮಾತುಗಳನ್ನೆಲ್ಲ ನನ್ನಿಂದ ಹೇಳಿಸಿಕೊಂಡು ಒಂದು ನೋಟುಬುಕ್ಕಿನಲ್ಲಿ ಗುಜರಾತಿ ಅಕ್ಷರಗಳಲ್ಲಿ ಬರೆದುಕೊಂಡಳು. ಹೋಮ್‌ವರ್ಕ್ ಮುಗಿಸಿ, ಗೋಡೆಗೆ ಮುಖ ಮಾಡಿ ಕೂತು ಬಾಯಿಪಾಠ ಮಾಡುತ್ತಿದ್ದಳು. ರಟ್ಟಿಗೆ ಕಪ್ಪು ಬಣ್ಣ ಬಳಿದು ಆಸ್ಥಾನದ ಎತ್ತರದ ಟೋಪಿಗಳನ್ನು ಮಾಡಿದಳು. ಅಮ್ಮನ ಹಳೆಯ ರೇಷ್ಮೆ ಸೀರೆಗಳಿಗೆ ಪಿನ್ನು ಹಾಕಿ ನಿಲುವಂಗಿಗಳನ್ನು ಹೊಂದಿಸಿದಳು.

ತೊಂದರೆ ಬಂದದ್ದು ಅಕ್ಷರದಿಂದ. ನಮ್ಮಲ್ಲಿರುವಂತೆ ಎ ಮತ್ತು ಏ, ಒ ಮತ್ತು ಓ ಎಂಬ ಗಿಡ್ಡ ಉದ್ದಗಳ ಭೇದ ಗುಜರಾತಿ ಬರವಣಿಗೆಯಲ್ಲಿಲ್ಲ. ಮೊದಲ ದೃಶ್ಯದಲ್ಲಿ ಚಕ್ರವರ್ತಿ ಮಂತ್ರಿಯನ್ನು ‘ಈ ಸಲ ನಾಡಿನಲ್ಲಿ ಬೆಳೆ ಹೇಗಿದೆ?’ ಎಂದು ಕೇಳಬೇಕು. ತಾಲೀಮಿನಲ್ಲಿ ಅವಳು ಗಂಭೀರವಾಗಿ, “ಈ ಸಲ ನಾಡಿನಲ್ಲಿ ಬೇಳೆ ಹೇಗಿದೆ?” ಎಂದಳು.

ಮಂತ್ರಿ ವೇಷದ ಬ್ಯಾಂಕಿನವರು, “ತೊಗರಿಬೇಳೆನೋ ಹೆಸರುಬೇಳೆನೋ ಮಹಾಪ್ರಭು?” ಎಂದರು. ಹಾಲ್ ಪೂರ್ತಿ ನಕ್ಕಿತು. ನಾನೂ ನಕ್ಕೆ. ಅವಳು ಎಲ್ಲರ ಮುಖ ನೋಡಿ, ಯಾಕೆಂದು ತಿಳಿಯದೆ, ತಾನೂ ಸ್ವಲ್ಪ ನಕ್ಕಳು. ಆಮೇಲೆ ಅವಳು ಬಾಯಿ ತೆರೆದಾಗೆಲ್ಲ ಜನ ನಗುವಿಗೆ ಸಿದ್ಧರಾಗುತ್ತಿದ್ದರು. ಅವಳ ದನಿ ವಾರದಿಂದ ವಾರಕ್ಕೆ ಸಣ್ಣದಾಯಿತು.

ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಗೆಳೆಯ ನನ್ನನ್ನು ಪಕ್ಕಕ್ಕೆ ಕರೆದ. “ನಿನ್ ಮಗಳು, ನೀನೇ ನಿರ್ಧಾರ ಮಾಡು. ಚಿಕ್ಕೋಳಿಗೆ ಅಕ್ಕನ ಮಾತೂ ಪೂರ್ತಿ ಬರತ್ತೆ ಕಣೋ, ನಾನೇ ಕೇಳಿದೀನಿ.” ಅವನು ನನ್ನ ಮೇಲೆ ಒತ್ತಡ ಹಾಕಲಿಲ್ಲ. ಬೇಡ ಎಂದಿದ್ದರೆ ಸರಿ ಎನ್ನುತ್ತಿದ್ದ. ನನಗೆ ನನ್ನ ನಾಟಕ ಚೆನ್ನಾಗಿ ಕಾಣಬೇಕಾಗಿತ್ತು.

ಆ ಭಾನುವಾರ ಊಟಕ್ಕೆ ಕೂತಾಗ ಹೇಳಿದೆ. “ನೋಡಮ್ಮ, ನಿನ್ನ ಪಾರ್ಟು ತಂಗಿ ಮಾಡ್ಲಿ. ಭಾಷೆ ಸ್ವಲ್ಪ ಕಷ್ಟ ಆಗ್ತಿದೆ ನಿಂಗೆ. ಪರದೆ ನೋಡ್ಕೊಳ್ಳೋಕೆ ಒಬ್ರು ಬೇಕು, ಅದು ನೀನೇ ಸರಿ.”

ಅವಳು ರೊಟ್ಟಿ ಮುರಿಯುತ್ತಿದ್ದಳು. “ವಾಂಧೋ ನಥಿ, ಪಪ್ಪಾ,” ಎಂದಳು. ಪರವಾಗಿಲ್ಲ ಎಂದು ಅರ್ಥ. ಊಟ ಮುಗಿಸಿ ಕೈ ತೊಳೆದು, ನೋಟುಬುಕ್ಕು ತಂದು ತಂಗಿಯ ಮುಂದಿಟ್ಟಳು.

ಮರುದಿನ ಬೆಳಗ್ಗೆ ಹೆಂಡತಿ ಡಬ್ಬಿ ಕಟ್ಟುತ್ತ ಕೇಳಿದಳು. “ನೀವು ಬರೆದ ಅಪ್ಪ ಏನ್ ಮಾಡ್ದ ಅಂತ ನಿಮಗೆ ನೆನಪಿದೆಯಾ?”

“ಯಾವ ಅಪ್ಪ?”

“ನಾಟಕದಲ್ಲಿ. ದೊಡ್ಡೋನಿಂದ ಕಿತ್ತು ಚಿಕ್ಕೋನಿಗೆ ಕೊಟ್ಟೋನು.”

“ಅದು ರಾಜ್ಯದ ವಿಷಯ ಕಣೆ. ಇದು ಅರ್ಧ ಗಂಟೆ ನಾಟಕ.” ನನಗೆ ಸಿಟ್ಟು ಬಂದಿತ್ತು.

“ಅವಳಿಗೆ ಕನ್ನಡ ಯಾಕೆ ಬರಲ್ಲ ಅಂತಾನಾದ್ರೂ ಯೋಚನೆ ಮಾಡಿದ್ರಾ? ಎದುರು ಮನೆಗೆ ಬಿಟ್ಟು ಹೋದೋರು ನಾವಿಬ್ರೇ ಅಲ್ವಾ?” ಎಂದು ಡಬ್ಬಿಯ ಮುಚ್ಚಳ ಒತ್ತಿ ಹೊರಟುಬಿಟ್ಟಳು. ರೈಲಿಗೆ ಹೊತ್ತಾಗಿತ್ತು.

ನಾಟಕ ಚೆನ್ನಾಗಿ ಆಯಿತು. ಚಿಕ್ಕವಳ ಮಾತಿಗೆ ಮುದುಕರೆಲ್ಲ ಕಣ್ಣೊರೆಸಿಕೊಂಡರು. ಹಗ್ಗ ಹಿಡಿದು ಪರದೆ ಎಳೆದವಳನ್ನು ಯಾರೂ ನೋಡಲಿಲ್ಲ. ಜನವರಿಯಲ್ಲಿ ಸೂರತ್‌ನ ಕನ್ನಡಿಗರು ಕರೆದರು. ಉಧ್ನಾದ ಹತ್ತಿರ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದರು. ನಾಲ್ಕು ಗಂಟೆಗೆ ಕಾರ್ಯಕ್ರಮ, ನಮ್ಮ ನಾಟಕಕ್ಕೆ ನಲವತ್ತು ನಿಮಿಷ, ಆಮೇಲೆ ಅಲ್ಲಿನ ಹುಡುಗಿಯರ ಕೋಲಾಟ, ಏಳಕ್ಕೆ ಹಾಲ್ ಬಿಡಬೇಕು. ಆ ಹೊತ್ತಿಗೆ ಹೊಗಳಿಕೆ ನನ್ನ ತಲೆಗೇರಿತ್ತು. ತಂದೆ ಮತ್ತು ತಮ್ಮ ಯುದ್ಧಕ್ಕೆ ಮಸಲತ್ತು ಮಾಡುವ ಒಂದು ಹೊಸ ದೃಶ್ಯ ಸೇರಿಸಿದ್ದೆ. ನನಗೇ ಒಂದೂವರೆ ಪುಟದ ಮಾತು. ಚಿಕ್ಕವಳು ಚಕ್ರವರ್ತಿಯಾದ ಮೇಲೆ ತಮ್ಮನ ಪಾತ್ರ ಮಾಡುತ್ತಿದ್ದ ಹುಡುಗನಿಗೆ ಎರಡು ಮಾತು ಕೊಟ್ಟು, ಅದನ್ನು ಕೇಳಿ ದುಃಖಿಸುವ ಉದ್ದನೆಯ ಸ್ವಗತವೊಂದನ್ನು ಚಿಕ್ಕವಳಿಗೆ ಬರೆದಿದ್ದೆ.

ರೈಲಿನಲ್ಲಿ ದೊಡ್ಡವಳು ಹೊಸ ದೃಶ್ಯದ ತಾಲೀಮು ಕೇಳಿಸಿಕೊಂಡು, “ಪಪ್ಪಾ, ಇದು ಬಹು ಲಾಂಬು ಆಗುತ್ತೆ. ಅವರದು ಡಾನ್ಸ್ ಇದೆ ಆಮೇಲೆ,” ಎಂದಳು.

“ಉದ್ದ ಏನಿಲ್ಲ ಸುಮ್ನಿರೇ, ಅಪ್ಪಂಗೆ ಗೊತ್ತು,” ಎಂದಳು ಚಿಕ್ಕವಳು. ನಾನು ದೊಡ್ಡವಳ ಕಡೆ ತಿರುಗಲೂ ಇಲ್ಲ.

ಸಭೆಯ ಭಾಷಣಗಳು ಬೆಳೆದು ನಮ್ಮ ನಾಟಕ ಶುರುವಾದದ್ದೇ ತಡವಾಗಿ. ಆಗ ಹೊಸ ದೃಶ್ಯ ಬಿಟ್ಟುಬಿಡಬೇಕಾಗಿತ್ತು. ಬಿಡಲಿಲ್ಲ. ನಾನು ಮಾತಾಡುತ್ತಿದ್ದಂತೆ ಅಲ್ಲಿನ ಕಾರ್ಯದರ್ಶಿ ಪಕ್ಕದಿಂದ ಕೈ ಗಡಿಯಾರ ತೋರಿಸಿದರು. ಪರದೆಯ ಮರೆಯಿಂದ ದೊಡ್ಡವಳು ಮೆಲ್ಲಗೆ, “ಪಪ್ಪಾ, ಬಸ್,” ಎಂದಳು. ಸಾಕು ಎಂದು ಎರಡು ಸಲ ಎಂದಳು. ಕೇಳಿಸಿತು. ಜನ ಸ್ತಬ್ಧವಾಗಿ ಕೂತಿದ್ದಾರೆ ಎಂದುಕೊಂಡು ಮುಂದುವರಿಸಿದೆ. ಚಿಕ್ಕವಳೂ ತನ್ನ ಸ್ವಗತದ ಒಂದು ಅಕ್ಷರ ಬಿಡಲಿಲ್ಲ. ಪರದೆ ಬಿದ್ದಾಗ ಏಳಕ್ಕೆ ಐದು ನಿಮಿಷ. ಹೊರಗೆ ಮದುವೆಯ ಬಳಗವೊಂದು ಹೂವಿನ ಬುಟ್ಟಿಗಳನ್ನು ಇಳಿಸುತ್ತಿತ್ತು.

ಎಂಟು ಹುಡುಗಿಯರು ಮೂರು ಗಂಟೆಯಿಂದ ಮೇಕಪ್ ಹಾಕಿಸಿಕೊಂಡು, ಕೋಲು ಹಿಡಿದು ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದರು. ಹಾಲ್ ಸಿಗುವುದಿಲ್ಲ ಎಂದಾಗ ಚಿಕ್ಕ ಹುಡುಗಿಯೊಂದು ಅಳತೊಡಗಿತು. ಕಾಡಿಗೆ ಕೆನ್ನೆಗಿಳಿಯಿತು. ನೋಡಿ ಉಳಿದವರೂ ಅತ್ತರು. ಅವರಿಗೆ ಕಲಿಸಿದವರು ಹುಬ್ಬಳ್ಳಿ ಕಡೆಯ ಒಬ್ಬ ಹೆಣ್ಣುಮಗಳು, ಗಂಡ ರೈಲ್ವೆಯಲ್ಲಿ. ನೆಟ್ಟಗೆ ನನ್ನ ಹತ್ತಿರ ಬಂದರು.

“ಮೂರು ತಿಂಗಳಾತ್ರೀ ಈ ಹುಡುಗ್ಯಾರು ಕಲಿಯಾಕತ್ತಿ. ಕತಾರ್‌ಗಾಮ್‌ನಿಂದ ಎರಡು ಬಸ್ ಬದಲಿ ಮಾಡಿ ಬರ್ತಾವ. ನಿಮ್ಮ ರಾಜಾಗ ನಮ್ಮ ಹತ್ತು ನಿಮಿಷಾನೂ ಬೇಕಾತೇನು?”

“ಭಾಷಣ ತಡವಾಯ್ತು ನೋಡಿ, ಅದಕ್ಕೇ…” ಎಂದು ನಾನು ತೊದಲಿದೆ. ಚಿಕ್ಕವಳು ನನ್ನ ಬೆನ್ನ ಹಿಂದೆ ಸರಿದಳು. ಆ ಹೆಣ್ಣುಮಗಳಿಗೆ ನನ್ನ ಮಾತು ಕೇಳುವ ಮನಸ್ಸಿರಲಿಲ್ಲ. ಹಗ್ಗ ಸುತ್ತುತ್ತಿದ್ದ ದೊಡ್ಡವಳನ್ನು ಕಂಡು ದನಿ ಮೆತ್ತಗೆ ಮಾಡಿದರು. “ನೀ ಬಾ ಯವ್ವಾ, ಊಟಕ್ಕ. ನೀ ಏನ್ ಮಾಡೀ, ಪರದೆ ಎಳದಾಕಿ.”

ಅವಳು ಕದಲಲಿಲ್ಲ. ಒಂದೊಂದೇ ಪದ ಹುಡುಕಿ ಹೇಳಿದಳು. “ಇಲ್ಲ ಆಂಟಿ. ತಪ್ಪು ನಮ್ಮದು ಆಯ್ತು. ಪಪ್ಪಾದು, ತಂಗಿದು, ನನ್ನದು.”

“ನಿಂದೇನು?”

“ನಾನು ಪರದೆ ಬಿಡಲಿಲ್ಲ. ಬಿಡಬೇಕಿತ್ತು.”

ಅಷ್ಟು ಹೇಳಿ ಹಗ್ಗ ಕೆಳಗಿಟ್ಟು ಹಾಲ್‌ನ ಮ್ಯಾನೇಜರನ್ನು ಹುಡುಕಿಕೊಂಡು ಹೋದಳು. ಅವನು ಕೈ ಬೀಸಿ ಆಗಲ್ಲ ಎನ್ನುತ್ತಿದ್ದುದು ದೂರದಿಂದ ಕಾಣುತ್ತಿತ್ತು. ಅವಳು ‘ಕಾಕಾ, ಕಾಕಾ’ ಎನ್ನುತ್ತ ಅವನ ಪಕ್ಕದಲ್ಲೇ ನಡೆದಳು. ಅವಳ ಗುಜರಾತಿ ಹೀಗೆ ಓಡುವುದನ್ನು ನಾನು ಗಮನವಿಟ್ಟು ಕೇಳಿದ್ದು ಅದೇ ಮೊದಲು. ಯಾರೂ ನಗಲಿಲ್ಲ. ಎಲ್ಲೂ ಪದಕ್ಕೆ ತಡಕಲಿಲ್ಲ. ಅವನ ಊರು ಯಾವುದೆಂದು ಕೇಳಿದಳು, ಏನೋ ಹೇಳಿ ನಗಿಸಿದಳು, ಅಳುತ್ತಿದ್ದ ಹುಡುಗಿಯನ್ನು ತೋರಿಸಿದಳು. ಐದು ನಿಮಿಷದಲ್ಲಿ ಅವನೇ ಆಳುಗಳನ್ನು ಕರೆದು, ಊಟಕ್ಕೆ ಮೇಜು ಹಾಕಿದ್ದ ಹಿಂದಿನ ಅಂಗಳದಲ್ಲಿ ಜಾಗ ಮಾಡಿಸಿ, ತನ್ನದೇ ಸ್ಪೀಕರ್ ತಂದುಕೊಟ್ಟ.

ಕೋಲಾಟ ಅಂಗಳದಲ್ಲಿ ನಡೆಯಿತು. ಜನ ತಟ್ಟೆ ಹಿಡಿದುಕೊಂಡೇ ಸುತ್ತ ನಿಂತರು. ಮದುವೆಗೆ ಬಂದಿದ್ದ ಹೆಂಗಸರೂ ಇಣುಕಿ ನೋಡಿ ಚಪ್ಪಾಳೆ ತಟ್ಟಿದರು. ನಾನು ವೇಷ ಕಳಚಿ ಟ್ರಂಕಿನ ಮೇಲೆ ಕೂತಿದ್ದೆ. ನನಗೆ ಊಟಕ್ಕೆ ಹೋಗಲು ಮುಖವಿರಲಿಲ್ಲ. ದೊಡ್ಡವಳು ಮೂರು ತಟ್ಟೆ ತಂದು, ತಂಗಿಗೊಂದು ನನಗೊಂದು ಕೊಟ್ಟು, ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತು ಉಂಡಳು. ಕೋಲಾಟ ಕಲಿಸಿದಾಕೆ ಅಂಗಳದಲ್ಲಿ ಕುರ್ಚಿ ಹಾಕಿ ಮತ್ತೆ ಕರೆದರೂ ಹೋಗಲಿಲ್ಲ.

ಹಿಂದಿರುಗುವಾಗ ಚಿಕ್ಕವಳು ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನಾನು ಎದುರಿಗೆ ಕೂತಿದ್ದೆ. ಒಂದು ಬಗೆಯ ಭಯ ನನ್ನನ್ನು ಹಿಡಿದಿತ್ತು. ಮೂರು ತಿಂಗಳು ಸೀರೆ ಸುತ್ತಿ, ರಟ್ಟಿನ ಟೋಪಿ ಹಾಕಿ, ಆ ತಂದೆಯ ಮಾತುಗಳನ್ನು ಗಂಟಲೇರಿಸಿ ಹೇಳಿದ್ದೆ. ಮಗನಿಗೆ ಏನನ್ನಿಸಿತು ಎಂದು ಪುಟಗಟ್ಟಲೆ ಬರೆದಿದ್ದೆ. ಆ ತಂದೆಗೆ ಮುಂದೆ ಏನಾಯಿತು ಎಂಬುದನ್ನು ಬರೆದೇ ಇರಲಿಲ್ಲ. ದ್ವೀಪದಲ್ಲಿ ಕೂತ ಆ ಮನುಷ್ಯನಿಗೆ ದೊಡ್ಡ ಮಗ ಸತ್ತ ಸುದ್ದಿ ಯಾವಾಗಲೋ ತಲುಪಿರಬೇಕು. ಅದಾದ ಮೇಲೆ ಎಂಟು ವರ್ಷ ಅವನು ಬದುಕಿದ್ದ. ಆ ಎಂಟು ವರ್ಷ ಅವನು ಏನು ಮಾಡಿದ ಎಂದು, ಮನೆಗೆ ಬಂದ ಮೇಲೆ, ಆ ಕಥೆ ಹೇಳಿದ್ದ ಜಪಾನಿ ತಂತ್ರಜ್ಞರಿಗೆ ಪತ್ರ ಬರೆದು ಕೇಳಿದೆ. ಪದ್ಯಗಳನ್ನು ತಿದ್ದುತ್ತ ಕೂತಿದ್ದನಂತೆ ಎಂದು ಉತ್ತರ ಬಂತು. ಇನ್ನೊಂದು ಸಂಗತಿಯನ್ನೂ ಬರೆದಿದ್ದರು. ಮುಂದೆ ಸಿಂಹಾಸನ ಬರಿದಾದಾಗ ಯೋಧರು ಆರಿಸಿದ್ದು ಗಡಿಪಾರು ಬೇಡಿ ಹೋದವನ ಮಗನನ್ನೇ ಅಂತೆ. ತಮ್ಮ ಮೇಲೆ ಕತ್ತಿ ಎತ್ತದ ತಂದೆಯ ಮಗ ಎಂಬ ಕಾರಣಕ್ಕೆ. ಅದನ್ನು ನೋಡಲು ಅಪ್ಪನೂ ಇರಲಿಲ್ಲ, ಅಜ್ಜನೂ ಇರಲಿಲ್ಲ.

ಮುಂದಿನ ವರ್ಷ ವಡೋದರಾದವರು ನಾಟಕ ಕೇಳಿದರು. ನಾನು ದೊಡ್ಡವಳಿಗೆ, “ಈ ಸಲ ಚಕ್ರವರ್ತಿ ನೀನೇ. ಎಷ್ಟು ತಪ್ಪಾದ್ರೂ ಪರವಾಗಿಲ್ಲ, ನಾನು ಕೂತು ಹೇಳಿಕೊಡ್ತೀನಿ,” ಎಂದೆ.

“ನನಗೆ ಬೋರ್ಡ್ ಎಕ್ಸಾಮ್ ಇದೆ ಪಪ್ಪಾ,” ಎಂದಳು. ಇದ್ದದ್ದು ನಿಜ. ಚಿಕ್ಕವಳನ್ನು ಕೇಳಿದರೆ ಅವಳೂ, “ಅಕ್ಕ ಇಲ್ದೆ ನಾನ್ ಮಾಡಲ್ಲ,” ಎಂದಳು. ನಾಟಕ ಅಲ್ಲಿಗೆ ನಿಂತಿತು.

ಈಗ ದೊಡ್ಡವಳು ವಡೋದರಾದಲ್ಲೇ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲಿ ಇದ್ದಾಳೆ. ಹೋದ ತಿಂಗಳು ಒಂದು ಶನಿವಾರ ಮಧ್ಯಾಹ್ನ ನಾನೊಬ್ಬನೇ ಹೋಗಿದ್ದೆ. ಕಾಲೇಜಿನ ಎದುರು ಚಹಾ ಅಂಗಡಿಯ ಬೆಂಚಿನ ಮೇಲೆ ಕೂತೆವು. ಅವಳು ಪರೀಕ್ಷೆ, ಗೆಳತಿಯರು, ಊಟದ ಮೆಸ್ಸು ಎಂದು ಏನೇನೋ ಹೇಳಿದಳು. ನಾನು ರೈಲಿನಲ್ಲಿ ಕೂಡಿಸಿಕೊಂಡು ಬಂದಿದ್ದ ಮಾತನ್ನು ಕೊನೆಗೂ ಆಡಿದೆ.

“ಆ ನಾಟಕದ ಪಾರ್ಟು ನಿನ್ನಿಂದ ತೆಗೆಯಬಾರದಿತ್ತು ನಾನು. ನಿನ್ನ ಕನ್ನಡ ಹಾಗಿದ್ದದ್ದು ನಿನ್ನ ತಪ್ಪಲ್ಲ, ನಮ್ಮದು. ಎಲ್ರೂ ನಕ್ಕಾಗ ನಾನೂ ನಕ್ಕೆ. ಅದಕ್ಕೂ ಸೇರಿಸಿ ಹೇಳ್ತಿದೀನಿ. ಕ್ಷಮಿಸು.”

ಅವಳು ಲೋಟವನ್ನು ಬೆಂಚಿನ ಮೇಲಿಟ್ಟಳು. ಆಮೇಲೆ ಮಾತಾಡಿದಳು, ಗುಜರಾತಿಯಲ್ಲಿ, ವೇಗವಾಗಿ, ನನ್ನ ಕಡೆ ತಿರುಗದೆ. ಬಹಳ ಹೊತ್ತು ಮಾತಾಡಿದಳು. ಬಾ ಎಂಬುದು ಕೇಳಿಸಿತು, ಒಂದೆರಡು ಸಲ ಪಪ್ಪಾ ಎಂಬುದು ಕೇಳಿಸಿತು, ನಡುವೆ ಕಣ್ಣು ತುಂಬಿಕೊಂಡದ್ದೂ ಕಂಡಿತು. ಇಪ್ಪತ್ತೆಂಟು ವರ್ಷ ಈ ನಾಡಿನಲ್ಲಿದ್ದು ತರಕಾರಿ ಕೊಳ್ಳುವಷ್ಟು, ಆಟೋದವನಿಗೆ ದಾರಿ ಹೇಳುವಷ್ಟು ಗುಜರಾತಿ ಕಲಿತವನು ನಾನು. ಕಚೇರಿಯಲ್ಲಿ ಹಿಂದಿ, ಇಂಗ್ಲಿಷು ಸಾಕಾಗಿತ್ತು. ಅವಳು ಹೇಳಿದ್ದರಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ. ಕ್ಷಮಿಸಿದೆ ಎಂದಳೋ, ಅಷ್ಟು ವರ್ಷ ನುಂಗಿದ್ದನ್ನು ಕಕ್ಕಿದಳೋ ತಿಳಿಯಲಿಲ್ಲ.

ಕನ್ನಡದಲ್ಲಿ ಇನ್ನೊಮ್ಮೆ ಹೇಳು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ತಲೆಯಾಡಿಸಿದೆ. ಅವಳು ದುಪಟ್ಟಾದ ಅಂಚಿನಿಂದ ಮುಖ ಒರೆಸಿಕೊಂಡು, “ಇನ್ನೊಂದು ಚಹಾ ಹೇಳಲಾ?” ಎಂದಳು.